ನಿಂತೇಬಿಟ್ಟ ಹೀರೋ

ಈಗಿನ ಆ್ಯಕ್ಷನ್ ಸಿನಿಮಾಗಳ ಮೇಲೆ ನನಗೆ ಸಿಟ್ಟು ಬರುವುದು ಒಂದೇ ಕಾರಣಕ್ಕೆ. ಹೀರೋ ಹೊಡೆದಾಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಹೊಗೆಯೊಳಗಿಂದ ಬರುತ್ತಾನೆ, ಕತ್ತು ಎತ್ತುತ್ತಾನೆ, ನಿಂತುಬಿಡುತ್ತಾನೆ. ಇದಕ್ಕೆ ನಾವು ಬಿಲ್ಡಪ್ ಅನ್ನುತ್ತೇವೆ. ವಿಲನ್ ಕಡೆಯವರೂ ಪಾಪ, ಮಚ್ಚು ಹಿಡಿದುಕೊಂಡು ಅವನ ಬಿಲ್ಡಪ್ ಮುಗಿಯಲಿ ಎಂದು ಕಾಯುತ್ತಿರುತ್ತಾರೆ. ಇಷ್ಟು ಬೈದರೂ ಹೊಸ ಟ್ರೇಲರ್ ಬಂದರೆ ನೋಡದೆ ಬಿಡುವವನಲ್ಲ ನಾನು.

ಸುಂಕದಕಟ್ಟೆಯ ಬೇಕರಿ ಮುಂದೆ ಒಂದು ಸಂಜೆ ಟೀ ಕುಡಿಯುತ್ತಿದ್ದಾಗ, ನನ್ನ ಜೊತೆ ಲೇತ್ ವರ್ಕ್‌ಶಾಪಿನಲ್ಲಿ ಕೆಲಸ ಮಾಡುವ ಗೆಳೆಯ ಮೊಬೈಲಿನಲ್ಲಿ ಅಂಥದ್ದೊಂದು ಟ್ರೇಲರ್ ಹಾಕಿದ. ಹೀರೋ ಜೀಪಿನಿಂದ ಇಳಿದ, ಕತ್ತು ಎತ್ತಿದ, ನಿಂತ. ಸಂಗೀತವೂ ನಿಂತಿತು. ಅವನ ಎದೆಯ ಮೇಲೆ ಬೆಳಕಿನ ಬಳೆಯೊಂದು ಗಿರಗಿರ ತಿರುಗತೊಡಗಿತು.

"ಏನ್ ಬಿಲ್ಡಪ್ ಗುರು! ಡೈರೆಕ್ಟರ್ ಮ್ಯೂಸಿಕ್ಕೇ ಕಟ್ ಮಾಡವ್ನೆ ನೋಡು," ಎಂದ ಗೆಳೆಯ.

"ಗ್ರಾಫಿಕ್ಸೂ ಸಖತ್ತಾಗೈತೆ ಕಣೋ," ಎಂದೆ ನಾನು.

ಇಬ್ಬರೂ ಕಣ್ಣು ಮಿಟುಕಿಸದೆ ನೋಡಿದೆವು. ಟೀ ಆರಿತು. ಲೋಟ ತೆಗೆದುಕೊಳ್ಳಲು ಬಂದ ಬೇಕರಿಯವರು ಬಗ್ಗಿ ನೋಡಿ, "ಸಾರ್, ನೆಟ್ ಹೋಗಿದೆ," ಎಂದರು.

ಸಿನಿಮಾ ಬಿಡುಗಡೆಯಾದ ದಿನ ರಾಜಾಜಿನಗರದ ಥಿಯೇಟರಿನಲ್ಲಿ ಅದೇ ಜೀಪು ಬಂತು. ಹೀರೋ ಇಳಿದ, ಕತ್ತು ಎತ್ತಿದ, ನಿಂತ. ನಿಂತೇ ಇದ್ದ. ಶಿಳ್ಳೆ ಹೊಡೆಯಲು ಬಾಯಿಗೆ ಬೆರಳಿಟ್ಟಿದ್ದ ಗೆಳೆಯ ಬೆರಳು ತೆಗೆದು, ನನ್ನ ಕಿವಿಯ ಹತ್ತಿರ ಬಂದು ಕೇಳಿದ:

"ಮಗಾ, ಇಲ್ಲೂ ನೆಟ್ ಹೋಯ್ತಾ?"