ಹತ್ತರಲ್ಲಿ ನಾಲ್ಕು

ಬೀದಿಯವರೆಲ್ಲ ಅವಳಿಗೆ ಇಟ್ಟಿದ್ದ ಹೆಸರು ಬಿರುಗಾಳಿ ಮೇಡಂ. ಸ್ವಭಾವ ನೋಡಿ ಇಟ್ಟಿದ್ದಲ್ಲ. ಪಾಪ, ಆಕೆ ಗಟ್ಟಿಯಾಗಿ ಸೀನಿದವಳೂ ಅಲ್ಲ. ಚಂಡಮಾರುತ ಬಂದರೆ ಎಲ್ಲಿ ಎಷ್ಟು ಮನೆ ಬೀಳುತ್ತವೆ, ಎಷ್ಟು ನಷ್ಟವಾಗುತ್ತದೆ ಎಂದು ಮೊದಲೇ ಅಂದಾಜು ಹೇಳುವ ಕಂಪ್ಯೂಟರ್ ಮಾದರಿ ಕಟ್ಟುವುದು ಅವಳ ಕೆಲಸ. ಚಾವಣಿ ಹೆಂಚಿನದೋ ತಗಡಿನದೋ, ಗೋಡೆ ಎಂಥದು, ಸಮುದ್ರ ಎಷ್ಟು ದೂರ, ಇದನ್ನೆಲ್ಲ ಆ ಮಾದರಿಗೆ ಉಣಿಸಿ ಉಣಿಸಿ ಕಣ್ಣು ಹಾಳುಮಾಡಿಕೊಂಡಿದ್ದಳು.

ಇದ್ದೊಬ್ಬ ತಮ್ಮ ದೋಣಿ ಇಂಜಿನ್ ರಿಪೇರಿಯವನು. ಹೆಂಡತಿಯ ಜೊತೆ ಕಡಲ ದಂಡೆಯ ತಗಡಿನ ಮನೆಯಲ್ಲಿದ್ದ. ಹೋದ ವರ್ಷ ಗಾಳಿ ಬರುತ್ತದೆಂದು ಇಬ್ಬರನ್ನೂ ಹಟ ಹಿಡಿದು ತನ್ನ ಮನೆಗೆ ಕರೆಸಿಕೊಂಡಿದ್ದಳು. ಹಾಳು ಗಾಳಿ ಅರ್ಧ ದಾರಿಯಲ್ಲೇ ಬೇರೆ ಕಡೆ ತಿರುಗಿಕೊಂಡಿತು. ತಮ್ಮನಿಗೆ ಅಷ್ಟೇ ಸಾಕಾಯಿತು. "ನಮ್ಮಕ್ಕನ ಗಾಳಿ ಕಂಪ್ಯೂಟರ್ ಒಳಗೇ ಬೀಸಿ ಸುಮ್ನಾಗುತ್ತೆ" ಎಂದು ಸಿಕ್ಕಸಿಕ್ಕವರ ಮುಂದೆ ವರ್ಷವಿಡೀ ಆಡಿಕೊಂಡ. ಅವಳೂ ನಕ್ಕಳು. ಒಳಗೊಳಗೇ ಉರಿಯಿತು, ಉರಿಯದೇ ಇರುತ್ತದೆಯೇ?

ಈ ವರ್ಷ ಮತ್ತೆ ಗಾಳಿ ಎದ್ದಿತು. ತಮ್ಮನೇ ಫೋನ್ ಮಾಡಿದ.

"ಅಕ್ಕಾ, ಏನನ್ನುತ್ತೆ ನಿನ್ನ ಕಂಪ್ಯೂಟರು?"

"ನಿಮ್ಮಂಥ ಮನೆ ಹತ್ತಿದ್ರೆ ನಾಲ್ಕು ಹೋಗುತ್ತೆ ಅನ್ನುತ್ತೆ ಕಣೋ."

"ಹಾಗಾದ್ರೆ ಆರು ನಿಲ್ಲುತ್ತಲ್ಲ! ಆ ಆರರಲ್ಲಿ ನಾವಿರ್ತೀವಿ ಬಿಡು."

ಯಾವ ನಾಲ್ಕು ಎಂದು ಹೇಳುವ ಶಕ್ತಿ ಮಾದರಿಗಿಲ್ಲ. ಹೊರಟು ಬಾ ಎನ್ನುವ ಮಾತು ನಾಲಿಗೆ ತುದಿಗೆ ಬಂತು. ಹೋದ ವರ್ಷದ ಹಾಗೇ ಆದರೆ ಇವನ ಬಾಯಿಗೆ ಬೀಗ ಹಾಕುವವರು ಯಾರು? "ಹುಷಾರಪ್ಪ" ಎಂದಷ್ಟೇ ಹೇಳಿ ಫೋನಿಟ್ಟಳು.

ಗಾಳಿ ಬಂತು. ತಮ್ಮನ ಬೀದಿಯ ಹತ್ತು ತಗಡಿನ ಮನೆಗಳಲ್ಲಿ ನಾಲ್ಕು ನೆಲಕಚ್ಚಿದವು. ಅವುಗಳಲ್ಲೊಂದು ಅವನದು. ಹೆಂಡತಿ ಉಳಿದಳು. ಅವನನ್ನು ಗೋಡೆಯಡಿಯಿಂದ ಎತ್ತಿದಾಗ ಜೀವವಿರಲಿಲ್ಲ.

ಹೆಣದ ಮುಂದೆ ಕೂತಿದ್ದಾಗಲೇ ಆಫೀಸಿನ ಸಾಹೇಬರ ಫೋನ್ ಬಂತು. ಅವರಿಗೆ ಸಾವಿನ ಸುದ್ದಿ ಗೊತ್ತಿರಲಿಲ್ಲ. "ಹತ್ತಕ್ಕೆ ನಾಲ್ಕು ಅಂದ್ರಿ, ಕರೆಕ್ಟಾಗಿ ನಾಲ್ಕೇ! ಭೇಷ್ ಮೇಡಂ!"

ಥೂ, ಹೋದ ವರ್ಷದ ಹಾಗೆ ಈ ಸಲವೂ ಲೆಕ್ಕ ತಪ್ಪಬಾರದಿತ್ತೇ ಎಂದುಕೊಂಡು ಅವಳು ಫೋನಿಟ್ಟಳು. ಪಕ್ಕದಲ್ಲಿದ್ದ ತಮ್ಮನ ಹೆಂಡತಿಗೂ ಸಾಹೇಬರ ಮಾತು ಕೇಳಿಸಿತ್ತು. ಅವಳು ಅಳು ನಿಲ್ಲಿಸಿ ಅತ್ತಿಗೆಯ ಮುಖವನ್ನೇ ನೋಡಿದಳು.

"ಹೋದ ಸಲ ಬನ್ನಿ ಬನ್ನಿ ಅಂತ ಪ್ರಾಣ ತಿಂದ್ರಿ ಅತ್ತಿಗೆ. ಈ ಸಲ ಯಾಕೆ ಒಂದು ಮಾತೂ ಅನ್ಲಿಲ್ಲ? ನೀವು ಕರೀತೀರಿ ಅಂತ ಬಟ್ಟೆಯೆಲ್ಲ ಬ್ಯಾಗಿಗೆ ತುಂಬಿಕೊಂಡೇ ಫೋನ್ ಮಾಡಿದ್ದು ಅವ್ರು."