ಸ್ವಾಗತ ಗೀತೆಯ ಹುಡುಗಿ

ಎಂಟನೇ ತರಗತಿಗೆ ಸೇರಿದ ಹೊಸತರಲ್ಲಿ ಒಂದು ದಿನ ಪ್ರಾರ್ಥನೆ ಹಾಡುವ ಹುಡುಗಿ ಶಾಲೆಗೆ ಬಂದಿರಲಿಲ್ಲ. "ಯಾರಿಗೆ ಬರ್ತದ, ಮುಂದ ಬರ್ರಿ" ಎಂದು ಮೈಕಿನಲ್ಲಿ ಕೂಗಿದರು. ನಾನು ಹೋದೆ. ಆಮೇಲೆ ಹತ್ತನೆಯ ತರಗತಿಯ ನಡುವಿನವರೆಗೂ ನನಗೆ ಆ ಮೈಕಿನಿಂದ ಬಿಡುಗಡೆ ಸಿಗಲಿಲ್ಲ.

ನಮ್ಮದು ವಿಜಯಪುರದ ದೊಡ್ಡ ಸರಕಾರಿ ಪ್ರೌಢಶಾಲೆ. ನಾನು ಟಿಕೋಟಾದಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಬರುತ್ತಿದ್ದೆ. ಶಾಲೆಯಲ್ಲಿ ಒಂದು ವಿಭಾಗದ ಮಕ್ಕಳಿಗೆ ಇನ್ನೊಂದು ವಿಭಾಗದವರ ಮುಖವೂ ಗೊತ್ತಿರುವುದಿಲ್ಲ. ಆದರೆ ನನ್ನ ಮುಖ ಎಲ್ಲರಿಗೂ ಗೊತ್ತಿತ್ತು. ಜಯಂತಿಗಳು, ರಕ್ತಹೀನತೆ ತಪಾಸಣೆ, ಮತದಾನದ ಜಾಗೃತಿ, ರಸ್ತೆ ಸುರಕ್ಷತೆ, ಯಾರೋ ಅಧಿಕಾರಿ ಬಂದು ಗಿಡ ನೆಡುವುದು. ಕಾರ್ಯಕ್ರಮವಿಲ್ಲದ ವಾರವೇ ಇರಲಿಲ್ಲ. ಎಲ್ಲದಕ್ಕೂ ಮೊದಲು ಸ್ವಾಗತ ಗೀತೆ, ಅಂದರೆ ನಾನು. ಹನ್ನೊಂದಕ್ಕೆ ಎಂದು ಹೇಳಿದ ಅತಿಥಿಗಳು ಊಟದ ಹೊತ್ತಿಗೆ ಬರುತ್ತಿದ್ದರು. ಅಲ್ಲಿಯವರೆಗೆ ವೇದಿಕೆಯ ಪಕ್ಕ ನಿಂತಿರಬೇಕು. ಆ ಹೊತ್ತಿಗೇ ನಮಗೆ ಗಣಿತದ ಪಾಠ.

ಅಪರೂಪಕ್ಕೆ ತರಗತಿಗೆ ಹೋದರೆ ಗಣಿತದ ಸರ್ ಕನ್ನಡಕದ ಮೇಲಿಂದ ನೋಡುತ್ತಿದ್ದರು. "ಏನವಾ, ಇವತ್ತ ಯಾವ ಸಾಹೇಬ್ರೂ ಬಂದಿಲ್ಲೇನ?" ಎಂದರೆ ಇಡೀ ತರಗತಿ ನಗುತ್ತಿತ್ತು. ಹಲಗೆಯ ಮೇಲಿನ ಸಮೀಕರಣ ಎಲ್ಲಿಂದ ಹುಟ್ಟಿ ಎಲ್ಲಿಗೆ ಹೊರಟಿದೆ ಎಂದು ನನಗೆ ತಿಳಿಯುತ್ತಿರಲಿಲ್ಲ. ಕೇಳಲೂ ನಾಚಿಕೆ.

ಕಾರ್ಯಕ್ರಮಗಳ ಹೊಣೆ ಹಿಂದಿ ಕಲಿಸುವ ಅಕ್ಕಾರದು. ನಮ್ಮ ಕಡೆ ಶಿಕ್ಷಕಿಯರನ್ನು ಹಾಗೆಯೇ ಕರೆಯುವುದು. ಕೆಟ್ಟವರಲ್ಲ, ಸದಾ ಗಾಬರಿಯಲ್ಲಿ ಇರುತ್ತಿದ್ದರು. ಒಮ್ಮೆ ಧೈರ್ಯ ಮಾಡಿ ಹೇಳಿದೆ.

"ಅಕ್ಕಾರ, ಗಣಿತ ಏನೂ ತಿಳಿವಲ್ತರಿ. ಈ ಸಲ ಬ್ಯಾರೆದಾರ ಕಡಿಂದ ಹಾಡಸ್ರಿ."

"ಬ್ಯಾರೆದಾರು ಮೈಕ್ ಮುಂದ ನಿಂತ್ರ ನಡಗ್ತಾರವಾ. ನೀ ಅದಿ ಅಂತ ನನಗ ಧೈರ್ಯ. ಇದೊಂದ ಸಲ ಹಾಡು."

ಆ ಒಂದು ಸಲ ಪ್ರತಿ ವಾರ ಬರುತ್ತಿತ್ತು. ಗಂಟಲು ನೋವೆಂದು ಸುಳ್ಳು ಹೇಳಿದರೆ ಲವಂಗ ಹಾಕಿದ ಬಿಸಿನೀರು ತರಿಸಿ, ಎದುರಿಗೆ ನಿಂತು ಕುಡಿಸಿದರು. ಮನೆಯಲ್ಲಿ ಹೇಳಿಕೊಂಡರೆ ಅವ್ವ ಮೊಬೈಲಿನಲ್ಲಿ ನನ್ನದೇ ವಿಡಿಯೋ ತೆಗೆದು ಕೂರುತ್ತಿದ್ದಳು. ಕನಮಡಿಯ ಚಿಕ್ಕಮ್ಮಂದಿರಿಗೆಲ್ಲ ಅದನ್ನು ಕಳಿಸಿಯಾಗಿರುತ್ತಿತ್ತು. "ಇಂಥಾ ಮಾನ ಎಷ್ಟ ಮಂದಿಗಿ ಸಿಗತದ? ಲೆಕ್ಕ ಆಮ್ಯಾಲ ಕಲಿಯಾಕ ಬರ್ತದ" ಎನ್ನುತ್ತಿದ್ದಳು. ಹೊಗಳುವವರ ಎದುರು ಬೇಡವೆನ್ನುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ಹತ್ತನೆಯ ತರಗತಿಯ ಚಳಿಗಾಲದಲ್ಲಿ ಬಬಲೇಶ್ವರದ ಒಂದು ಶಾಲೆಯಲ್ಲಿ ಹಲವು ಶಾಲೆಗಳು ಸೇರಿ ಕಾರ್ಯಕ್ರಮ ಇಟ್ಟುಕೊಂಡಿದ್ದವು. ಟೆಂಪೋದಲ್ಲಿ ನಮ್ಮನ್ನು ಕರೆದೊಯ್ದರು. ನಾನು ಅವ್ವನ ರೇಷ್ಮೆ ಸೀರೆಯಲ್ಲಿದ್ದೆ, ಮೈತುಂಬ ಪಿನ್ನು. ಜೊತೆಗೆ ನೃತ್ಯದ ಹುಡುಗಿಯರು, ಹೆಚ್ಚಿನವರು ಎಂಟನೆಯವರು. ಅಕ್ಕಾರು ನಮ್ಮನ್ನು ಒಂದು ತರಗತಿ ಕೋಣೆಯಲ್ಲಿ ಕೂರಿಸಿದರು. "ಹೊರಗ ಅಡ್ಡ್ಯಾಡಿ ಬಟ್ಟಿ ಹೊಲಸ ಮಾಡ್ಕೋಬ್ಯಾಡ್ರಿ. ಸಾಹೇಬ್ರು ಬರೂದ್ರೊಳಗ ಬಂದ ಕರೀತೇನಿ" ಎಂದು ಹೋದರು. ಹೊರಗಿನಿಂದ ಚಿಲಕ ಬಿದ್ದ ಸದ್ದು ಕೇಳಿಸಿತು.

ಸಾಹೇಬರು ಬರಲಿಲ್ಲ. ಬಿಸಿಲು ಕಿಟಕಿಯ ಸರಳುಗಳನ್ನು ದಾಟಿ ಬೆಂಚಿನ ಮೇಲೆ ಬಂತು. ಹುಡುಗಿಯರ ಪೌಡರು ಬೆವರಿನಲ್ಲಿ ಇಳಿಯುತ್ತಿತ್ತು. ಮೂಲೆಯಲ್ಲಿ ಕೂತಿದ್ದ ಒಬ್ಬಳು, ಎಲ್ಲರಿಗಿಂತ ಚಿಕ್ಕವಳು, ನನ್ನ ಸೆರಗು ಹಿಡಿದು "ಅಕ್ಕಾ, ನನಗ ಹೊರಗ ಹೋಗಬೇಕು" ಎಂದಳು. ನಾವೆಲ್ಲ ಬಾಗಿಲು ಬಡಿದೆವು. ಕಿಟಕಿಯಿಂದ ಕೂಗಿದೆವು. ಮೈದಾನದ ಧ್ವನಿವರ್ಧಕದಲ್ಲಿ ಹಾಡು ಹಚ್ಚಿದ್ದರು. ನಮ್ಮ ದನಿ ನಮಗೇ ಕೇಳುತ್ತಿರಲಿಲ್ಲ. ಅವಳು ಕಾಲು ಹೆಣೆದುಕೊಂಡು ನಿಂತಳು, ಕೂತಳು, ಮತ್ತೆ ನಿಂತಳು. ಕೊನೆಗೆ ಅಳತೊಡಗಿದಳು. ಹಳದಿ ಲಂಗದ ಅಂಚಿನಿಂದ ನೆಲದ ಮೇಲೆ ನೀರು ಹರಿಯಿತು. ಯಾರೋ ಒಬ್ಬಳು ಕಿಸಕ್ಕೆಂದು ನಕ್ಕು, ಬಾಯಿ ಮುಚ್ಚಿಕೊಂಡಳು.

ಆಗಲೇ ಅಕ್ಕಾರು ಬಂದು ಚಿಲಕ ತೆಗೆದರು. "ಬಂದ್ರು, ಬಂದ್ರು! ಲಗೂನ ನಡಿ, ಹೆಸರ ಕರ್‍ಯಾಕತ್ತಾರ!"

"ಅಕ್ಕಾರ, ಈಕಿನ ನೋಡ್ರಿ" ಎಂದೆ.

ಅವರು ನೋಡಿದರು. ಮುಖ ಒಂದು ಕ್ಷಣ ಬಿಳಿಚಿಕೊಂಡಿತು. "ಯಪ್ಪಾ... ಆತು, ಆಮ್ಯಾಲ ನೋಡೂಣು. ಮೊದಲ ನೀ ಹಾಡಿ ಬಾ."

"ನಾ ಬರೂದಿಲ್ಲರಿ."

ನಾನೇ ಹೇಳಿದೆನೇ ಎಂದು ನನಗೇ ಅನುಮಾನ. ಹುಡುಗಿಯ ಕೈ ಹಿಡಿದು ಶಾಲೆಯ ಹಿಂದಿನ ನಲ್ಲಿಯ ಹತ್ತಿರ ಹೋದೆ. ಪಿನ್ನು ಬಿಚ್ಚಿ, ಸೆರಗನ್ನು ಅಡ್ಡ ಹಿಡಿದು ಅವಳ ಲಂಗ ತೊಳೆದೆ. ಧ್ವನಿವರ್ಧಕದಲ್ಲಿ ನನ್ನ ಹೆಸರು ಕೂಗುತ್ತಿದ್ದರು. ಕೂಗಿ ಕೂಗಿ ನಿಲ್ಲಿಸಿದರು. ಆಮೇಲೆ ಯಾರದೋ ಮೊಬೈಲನ್ನು ಮೈಕಿಗೆ ಹಿಡಿದು ಒಂದು ಸ್ವಾಗತ ಗೀತೆ ಕೇಳಿಸಿದರು. ಚಪ್ಪಾಳೆ ಬಿದ್ದವು. ಯಾವಾಗಲೂ ಬೀಳುವಷ್ಟೇ.

ವಾಪಸು ಬರುವಾಗ ಟೆಂಪೋದಲ್ಲಿ ಅಕ್ಕಾರು ಮುಂದೆ ಕೂತು ಕರ್ಚೀಫಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ನನ್ನಿಂದ ಅವಮಾನವಾಯಿತೆಂದೋ, ಆ ಹುಡುಗಿಯನ್ನು ನೆನೆದೋ, ನನಗೆ ಇವತ್ತಿಗೂ ತಿಳಿಯದು. ಮರುದಿನ ಮುಖ್ಯೋಪಾಧ್ಯಾಯರು ಕರೆಸಿದರು. ಚಿಲಕದ ಮಾತು ಹೇಳಿದೆ. ಕೇಳಿಸಿಕೊಂಡರು. "ಅದನ್ನ ನಾವ್ ನೋಡ್ಕೋತೇವಿ. ನೀ ಇನ್ನ ಯಾವ ಕಾರ್ಯಕ್ರಮಕ್ಕೂ ಬರಬ್ಯಾಡ" ಎಂದರು. ಶಿಕ್ಷೆಯೆಂದೇ ಹೇಳಿದರು. ನಾನು ಹೊರಗೆ ಬಂದು ಗಣಿತದ ತರಗತಿಗೆ ಹೋದೆ.

ಸರ್ ತ್ರಿಕೋನಮಿತಿ ಮಾಡುತ್ತಿದ್ದರು. ಏನೂ ತಿಳಿಯಲಿಲ್ಲ. ಮರುದಿನವೂ ತಿಳಿಯಲಿಲ್ಲ. ಇಷ್ಟು ದಿನ ಬರಲು ಹಂಬಲಿಸಿದ ಕೋಣೆಯಲ್ಲಿ ಈಗ ಘಂಟೆ ಯಾವಾಗ ಹೊಡೆಯುತ್ತದೋ ಎಂದು ಕಾಯುತ್ತಿದ್ದೆ. ಪಕ್ಕದ ಬೆಂಚಿನ ಗೆಳತಿ, ಜೋರಾಪುರ ಪೇಟೆಯವಳು, ಮಧ್ಯಾಹ್ನದ ಊಟ ಬಿಟ್ಟು ಎಂಟನೆಯ ಪುಸ್ತಕದಿಂದ ಹೇಳಿಕೊಡಲು ಶುರು ಮಾಡಿದಳು. "ಇಷ್ಟೂ ಬರೂದಿಲ್ಲೇನ ಲೇ?" ಎಂದು ತಲೆ ಚಚ್ಚಿಕೊಳ್ಳುತ್ತಲೇ ಹೇಳಿಕೊಟ್ಟಳು.

ಆ ಚಿಕ್ಕ ಹುಡುಗಿ ನೃತ್ಯ ಬಿಟ್ಟಳು. ಮೆಟ್ಟಿಲ ಮೇಲೆ ನಾನು ಎದುರಾದರೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಮೊದಲು ಬೇಸರವಾಯಿತು. ನನ್ನನ್ನು ಕಂಡರೆ ಅವಳಿಗೆ ಆ ಮಧ್ಯಾಹ್ನ ನೆನಪಾಗುತ್ತದೆ ಎಂದು ಹೊಳೆದ ಮೇಲೆ ನಾನೇ ಇನ್ನೊಂದು ಕಡೆಯ ಮೆಟ್ಟಿಲು ಹತ್ತತೊಡಗಿದೆ.

ಗಣಿತದಲ್ಲಿ ಹೇಗೋ ಪಾಸಾದೆ. ವಿಜ್ಞಾನಕ್ಕೆ ಸಾಲುವಷ್ಟು ಅಂಕ ಬರಲಿಲ್ಲ, ಕಲಾ ವಿಭಾಗಕ್ಕೆ ಸೇರಿದೆ. ಮನೆಗೆ ಬಂದವರ ಎದುರು "ಒಂದ್ ಹಾಡ ಹೇಳವಾ" ಎಂದು ಅವ್ವ ಈಗಲೂ ಕರೆಯುತ್ತಾಳೆ. ನಾನು ಚಹಾ ಇಡುವ ನೆಪ ಮಾಡಿ ಒಳಗೆ ಹೋಗುತ್ತೇನೆ. ಹಾಲು ಉಕ್ಕುವವರೆಗೂ ಅಲ್ಲೇ ನಿಂತಿರುತ್ತೇನೆ.