ಮೂರು ಗಂಟಿನ ತಂತಿ

ನಮ್ಮ ಯಜಮಾನರು ನಲವತ್ತೆರಡು ವರ್ಷ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿದರು. ಎಲ್ಲರ ಬಾಯಲ್ಲೂ ಅವರು ಗಂಟಿನ ಮೇಸ್ತ್ರಿ. ದೊಡ್ಡ ಮೋಟಾರಿನ ಹೊಟ್ಟೆಯಲ್ಲಿ ಮೂರು ಸುರುಳಿ, ಒಂದೊಂದಕ್ಕೂ ಮೊದಲು, ಕೊನೆ ಎಂದು ಎರಡು ತುದಿ. ಹೊರಗೆ ಬರುವುದು ನೋಡಲು ಒಂದೇ ತರಹದ ಆರು ತಂತಿ. ಗುರುತಿಗೆಂದು ಇವರು ಮೊದಲ ತುದಿಗಳಿಗೆ ದಾರ ಸುತ್ತಿ ಒಂದಕ್ಕೆ ಒಂದು ಗಂಟು, ಇನ್ನೊಂದಕ್ಕೆ ಎರಡು, ಮತ್ತೊಂದಕ್ಕೆ ಮೂರು ಹಾಕುತ್ತಿದ್ದರು. ಒಂದು ಸುರುಳಿ ತಿರುಗುಮುರುಗಾದರೂ ಮೋಟಾರು ಗುಂಯ್ ಎನ್ನುತ್ತ ಕಾದು ಸುಟ್ಟುಹೋಗುತ್ತದೆ.

ಕಣ್ಣು ಮಂಜಾದ ಮೇಲೂ ಬೆರಳು ಕೈಕೊಡಲಿಲ್ಲ. ಗಂಟು ಸರಿಯಾದ ತುದಿಗೆ ಬಿದ್ದಿದೆಯೇ ಎಂದು ಕೊನೆಗೆ ಪರೀಕ್ಷಿಸುವ ಮೀಟರಿನ ಸೂಜಿ ಮಾತ್ರ ಕಾಣದಾಯಿತು. ಅದನ್ನು ನೋಡಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು ನಾನು. ಸೂಜಿ ಯಾಕೆ ಹಾರುತ್ತದೆಂದು ಇವತ್ತಿಗೂ ತಿಳಿಯದು, ಯಾವ ಕಡೆಗೆಂದು ಹೇಳಬಲ್ಲೆ, ಅಷ್ಟೆ.

"ನನ್ನ ಗಂಟು ತಪ್ಪಿದ ದಿನ ಈ ಕೆಲಸಕ್ಕೆ ಕೈ ಮುಗಿದುಬಿಡ್ತೀನಿ ಕಣೇ" ಎನ್ನುತ್ತಿದ್ದರು. ಬಿಟ್ಟರೆ ಈ ಮನುಷ್ಯ ದಿನ ಹೇಗೆ ಕಳೆದಾರು ಎಂಬುದೇ ನನ್ನ ಚಿಂತೆ.

ಅವತ್ತು ಹಿಟ್ಟಿನ ಗಿರಣಿಯ ಮೋಟಾರು. ಗಿರಣಿಯವರು ಸ್ಟೂಲಿನ ಮೇಲೆ ಕಾದು ಕೂತಿದ್ದರು.

"ಅಮ್ಮಾ, ನಿಮ್ಮೆಜಮಾನ್ರು ಮೋಟಾರಿಗೂ ಜಡೆ ಹಾಕಿ ಕಳಿಸ್ತಾರಲ್ರೀ."

"ನಿಮ್ಮ ತಲೇಲಿ ಕೂದಲಿದ್ದಿದ್ರೆ ನಿಮಗೂ ಹಾಕ್ತಿದ್ರು" ಎಂದೆ.

ಇವರು ಬ್ಯಾಟರಿಯ ತಂತಿಯನ್ನು ಒಂದು ಗಂಟಿನ ಸುರುಳಿಗೆ ತಾಗಿಸಿದರು. ಮೀಟರು ಎರಡು ಗಂಟಿನ ಸುರುಳಿಗಿತ್ತು. ಸೂಜಿ ಎಡಕ್ಕೆ ಹಾರಿತು.

"ಎಡಕ್ಕೆ" ಎಂದೆ.

ಮೀಟರನ್ನು ಮೂರು ಗಂಟಿನದಕ್ಕೆ ಹಾಕಿ ಮತ್ತೆ ತಾಗಿಸಿದರು. ಗಂಟು ಸರಿಯಿದ್ದರೆ ಅದೂ ಎಡಕ್ಕೇ ಹಾರಬೇಕು. ಹಾರಿದ್ದು ಬಲಕ್ಕೆ.

ಮೀಟರಿನ ಗಾಜನ್ನು ಸೆರಗಿನಿಂದ ಒರೆಸಿದೆ. ಎಡಕ್ಕೆ ಎಂದುಬಿಟ್ಟರೆ ಇವರ ಮಾನ ಈ ಗಳಿಗೆಗೆ ಉಳಿಯುತ್ತದೆ. ನಾಳೆ ಗಿರಣಿಯಲ್ಲಿ ಹೊಗೆ ಏಳುತ್ತದೆ.

"ಯಾವ ಕಡೆಗೇ?"

"ಬಲಕ್ಕೆ ರೀ."

ಇವರ ಕೈ ಬ್ಯಾಟರಿಯ ಮೇಲೇ ನಿಂತಿತು. ಆಮೇಲೆ ಮೂರು ಗಂಟನ್ನೂ ಒಂದೊಂದಾಗಿ ಬಿಚ್ಚಿ, ದಾರವನ್ನು ಅದೇ ಸುರುಳಿಯ ಇನ್ನೊಂದು ತುದಿಗೆ ಕಟ್ಟಿದರು. ಮತ್ತೆ ನೋಡಿದಾಗ ಸೂಜಿ ಎಡಕ್ಕೆ ಬಂತು.

"ಮೂರನೇ ಸುರುಳಿಯ ಗುರುತು ತಪ್ಪಿತ್ತು. ತಪ್ಪು ನಂದೇ" ಎಂದು ಗಿರಣಿಯವರಿಗೆ ಹೇಳಿದರು.

"ಅಯ್ಯೋ ಬಿಡಿ ಮೇಸ್ತ್ರಿ, ನನ್ನ ಹಿಟ್ಟಲ್ಲಿ ಎಷ್ಟು ಸಲ ಕಲ್ಲು ಸಿಕ್ಕಿಲ್ಲ?"

ಇವರು ನಗಲಿಲ್ಲ. ಮೋಟಾರು ಜೋಡಿಸಿ ಓಡಿಸಿದರು. ಸದ್ದು ನುಣ್ಣಗಿತ್ತು. ಗಿರಣಿಯವರು ಅದನ್ನು ತೆಗೆದುಕೊಂಡು ಹೋದ ಮೇಲೆ ಇವರು ಇಕ್ಕಳ, ತಂತಿ ಸುತ್ತುವ ಅಚ್ಚು ಎಲ್ಲವನ್ನೂ ಒರೆಸಿ ಪೆಟ್ಟಿಗೆಗೆ ಹಾಕಿದರು. ಮೀಟರನ್ನು ನನ್ನ ಕೈಗೆ ಕೊಟ್ಟರು.

"ನೀನು ತಡ ಮಾಡಿದಾಗಲೇ ಗೊತ್ತಾಗಿತ್ತು ಕಣೇ. ಎಲ್ಲಿ ಎಡ ಅಂತೀಯೋ ಅಂತ ಹೆದರಿದ್ದೆ."

ಆ ಪೆಟ್ಟಿಗೆಯನ್ನು ಇವರು ಮತ್ತೆ ತೆರೆಯಲಿಲ್ಲ.